ನಶ್ಯದ ಚಿಟಿಕೆ ಮತ್ತು ಬರವಣಿಗೆ: ಒಂದು ಪ್ರಕರಣ

‘ನಶ್ಯ ಬಿಟ್ಟರೆ ತಲೆ ಓಡುವುದಿಲ್ಲ’ ಎನ್ನುವವರು ಆಪ್ತಸಲಹೆಗೆ ಮತ್ತೆ ಮತ್ತೆ ಬರುತ್ತಾರೆ. ಹೆಚ್ಚಿನವರು ಬರವಣಿಗೆ, ಸಂಗೀತ, ಲೆಕ್ಕಪತ್ರದಂಥ ಕೂತು ಮಾಡುವ ಕೆಲಸದವರು. ಹೊಗೆ ಇಲ್ಲ, ಪಕ್ಕದವರಿಗೆ ತೊಂದರೆ ಇಲ್ಲ, ಇಷ್ಟೇ ಇಷ್ಟು ಪುಡಿ ಎಂಬ ಸಮಾಧಾನ ಅವರಿಗೆ. ಅಂಥ ಒಬ್ಬರ ಪ್ರಕರಣ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ನಲವತ್ತು ದಾಟಿದ ಅನುವಾದಕರು. ಎದ್ದು ಅರ್ಧ ಗಂಟೆಯೊಳಗೆ ಮೊದಲ ಚಿಟಿಕೆ, ಆಮೇಲೆ ಬರೆಯುವಷ್ಟು ಹೊತ್ತೂ ಡಬ್ಬಿ ಮೇಜಿನ ಮೇಲೆ. ಎರಡು ಸಲ ಬಿಟ್ಟು ನೋಡಿದ್ದರು. ಎರಡೂ ಸಲ ಮೂರನೇ ದಿನ ಒಂದು ಪುಟವೂ ಮುಗಿಯದೆ ಮತ್ತೆ ಡಬ್ಬಿ ತೆರೆದಿದ್ದರು. ನಶ್ಯವಿಲ್ಲದೆ ಬರೆಯಲಾಗದು ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಾನು ವಾದಕ್ಕೆ ಇಳಿಯಲಿಲ್ಲ. ‘ಒಂದು ವಾರ ಎಂದಿನಷ್ಟೇ ನಶ್ಯ ಏರಿಸಿ, ಕಡಿಮೆ ಮಾಡಬೇಡಿ. ಚಿಟಿಕೆ ತೆಗೆದಾಗಲೆಲ್ಲ ಬರೆಯುತ್ತಿರುವ ಹಾಳೆಯ ಅಂಚಿನಲ್ಲಿ, ಅದೇ ಸಾಲಿನ ಎದುರು, ಒಂದು ಗೀಟು ಎಳೆದು ಗಂಟೆ ಹಾಕಿ’ ಎಂದೆ. ಬೇರೆ ಪುಸ್ತಕದಲ್ಲಿ ಬರೆದಿಡುವುದು ಬೇಡವೆಂದೆ. ರಾತ್ರಿ ಕೂತು ನೆನಪಿನಿಂದ ತುಂಬಿಸಿದ ಪಟ್ಟಿಯಲ್ಲಿ ನಡೆದದ್ದಕ್ಕಿಂತ ನಂಬಿದ್ದೇ ಹೆಚ್ಚಿರುತ್ತದೆ.

ಮುಂದಿನ ಭೇಟಿಯಲ್ಲಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆವು. ಬೆಳಗಿನ ಮೊದಲ ಗೀಟಿಗೆ ಮುಂಚೆ, ಪ್ರತಿ ದಿನವೂ, ಹೊಡೆದುಹಾಕಿದ ಎರಡು ಮೂರು ಆರಂಭಗಳಿದ್ದವು. ಗೀಟಿನ ನಂತರ ಬರಹ ಸಲೀಸು. ‘ನೋಡಿ, ನಾನು ಹೇಳಿದ್ದು ಇದನ್ನೇ’ ಎಂದರು. ಉಳಿದ ಗೀಟುಗಳನ್ನು ನೋಡಲು ಹೇಳಿದೆ. ಅವು ತೊಡಕಿನ ವಾಕ್ಯಗಳ ಎದುರು ಇರಲಿಲ್ಲ. ಬಹುಪಾಲು ಪ್ಯಾರಾ ಮುಗಿದ ಕಡೆ, ಪೂರ್ಣವಿರಾಮದ ಪಕ್ಕದಲ್ಲೇ ಇದ್ದವು. ಅವರು ಹಾಳೆಗಳನ್ನು ತಿರುವಿ ತಿರುವಿ ನೋಡಿದರು. ಕೊನೆಗೆ, ‘ಸಾಲು ಬಂದ ಮೇಲೆ ಏರಿಸಿದ್ದೀನಿ ಸರ್. ಬರಿಸೋಕಲ್ಲ, ಇದು ಸರಿಯಾಗಿದೆ ಅಂತ ಒಪ್ಪಿಕೊಳ್ಳೋಕೆ’ ಎಂದರು.

ಸಲಹೆಯ ದಾರಿ ತೆರೆದದ್ದು ಈ ಮಾತಿನಿಂದ. ಅವರು ಒಂದೇ ಎಂದುಕೊಂಡಿದ್ದ ಚಟದಲ್ಲಿ ಎರಡು ಬಗೆಯ ಚಿಟಿಕೆಗಳಿದ್ದವು.

ಬೆಳಗಿನದು ಕೊರತೆ ತುಂಬುವ ಚಿಟಿಕೆ. ಮೂಗಿನ ಒಳಪೊರೆಯ ಮೂಲಕ ನಿಕೋಟಿನ್ ಕೆಲವೇ ನಿಮಿಷಗಳಲ್ಲಿ ರಕ್ತ ಸೇರುತ್ತದೆ. ಸುಮಾರು 2 ಗಂಟೆಗೊಮ್ಮೆ ಅದರ ಮಟ್ಟ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಉಳಿಯುವುದು ಅಲ್ಪ. ರೂಢಿಯಾದ ಮಿದುಳು ಆಗ ಚಡಪಡಿಸುತ್ತದೆ, ಗಮನ ನಿಲ್ಲುವುದಿಲ್ಲ. ಚಿಟಿಕೆ ಆ ಕೊರತೆಯನ್ನು ನೀಗಿಸುತ್ತದೆ, ಏಕಾಗ್ರತೆ ಬಂತು ಅನ್ನಿಸುತ್ತದೆ. ನಶ್ಯ ಮುಟ್ಟದವರು ಚಿಟಿಕೆಯಿಲ್ಲದೆಯೇ ಆ ಏಕಾಗ್ರತೆಯ ಸ್ಥಿತಿಯಲ್ಲಿ ಏಳುತ್ತಾರೆ. ಇನ್ನು ಏರಿಸಿದ ಕ್ಷಣದಲ್ಲೇ ಸಿಗುವ ಜುಮ್ಮೆನ್ನುವ ಎಚ್ಚರ ಬಹುಮಟ್ಟಿಗೆ ಪುಡಿಯ ಉರಿ ಮತ್ತು ಮೆಂಥಾಲ್‌ನ ತಂಪಿನದು.

ಒಂದು ವಿಷಯವನ್ನು ನಾನು ಮುಚ್ಚಿಡುವುದಿಲ್ಲ. ಕಣ್ಣಿಟ್ಟು ಕಾಯುವಂಥ ಏಕತಾನದ ಕೆಲಸಗಳಲ್ಲಿ, ರೂಢಿ ಇಲ್ಲದವರಲ್ಲೂ, ನಿಕೋಟಿನ್ ಗಮನವನ್ನು ತುಸು ಚುರುಕುಗೊಳಿಸುವುದುಂಟು. ಹೊಸ ಉಪಮೆ, ಹೊಸ ಜೋಡಣೆ ಹೊಳೆಯುವುದಕ್ಕೆ ಅದು ನೆರವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಎರಡನೆಯದು, ಪ್ಯಾರಾ ಮುಗಿದಾಗಿನದು, ಮೊಹರು ಒತ್ತುವ ಚಿಟಿಕೆ. ಅದಕ್ಕೆ ಬದಲಿ ಕೊಟ್ಟೆವು: ಪ್ಯಾರಾ ಮುಗಿದೊಡನೆ ಎದ್ದು ನಿಂತು ಗಟ್ಟಿಯಾಗಿ ಓದುವುದು. ಡಬ್ಬಿ ಬೇರೆ ಕೋಣೆಗೆ ಹೋಯಿತು. ಬೇಕೆನಿಸಿದರೆ ಎದ್ದುಹೋಗಿ ಏರಿಸಬಹುದು, ಆದರೆ ಹತ್ತು ನಿಮಿಷ ಬರೆಯಲು ಕೂರುವಂತಿಲ್ಲ. ಎರಡು ವಾರ ಇಷ್ಟೇ. ಪೂರ್ತಿ ಬಿಡುವ ದಿನವನ್ನು ಹಸ್ತಪ್ರತಿ ಒಪ್ಪಿಸಿದ ಮರುವಾರಕ್ಕೆ, ಬರೀ ಕರಡು ತಿದ್ದುವ ಕೆಲಸವಿದ್ದಾಗ ಇಟ್ಟುಕೊಂಡೆವು.

ನಶ್ಯದಂಥ ಹೊಗೆಯಿಲ್ಲದ ತಂಬಾಕನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿರುವಾಗ ಎರಡು ವಾರದ ಸಡಿಲಿಕೆ ಏಕೆ ಎಂದು ವೃತ್ತಿಯವರೇ ಕೇಳುತ್ತಾರೆ. ನನ್ನ ಉತ್ತರ ಇಷ್ಟು: ಬಿಟ್ಟ ಮೊದಲ ಎರಡು ಮೂರು ದಿನ ಗಮನ ಕುಸಿಯುವುದು ಖಂಡಿತ, ಪೂರ್ತಿ ತಿಳಿಯಾಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅವಸರದ ಕೆಲಸದ ನಡುವೆ ಬಿಟ್ಟವರಿಗೆ ಆ ಮೂರನೇ ದಿನವೇ ಮತ್ತೊಮ್ಮೆ ಸಾಕ್ಷಿಯಾಗುತ್ತದೆ. ಇವರಿಗೆ ಈಗಾಗಲೇ ಎರಡು ಸಲ ಆಗಿತ್ತು.

ಬಿಟ್ಟ ದಿನಗಳ ಚಡಪಡಿಕೆ ತಗ್ಗಿಸಲು, ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೆನ್ನುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ನಿಕೋಟಿನ್ ಗಮ್, ಉಳಿದವರಿಗೆ 2 ಮಿಲಿಗ್ರಾಂ. ಇವರು ವೈದ್ಯರನ್ನು ಕಂಡು ಗಮ್ ಶುರುಮಾಡಿದರು. ಮೊದಲು ಎಡವಿದ್ದೂ ಇಲ್ಲೇ: ಬಬಲ್ ಗಮ್‌ನಂತೆ ಒಂದೇ ಸಮ ಜಗಿದು ಬಿಕ್ಕಳಿಕೆ, ಎದೆಯುರಿ. ಗಮ್ಮನ್ನು ನಿಧಾನ ಜಗಿದು, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದಾಗ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿ, ಹಣ್ಣಿನ ರಸ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. (ಸಿಗರೇಟು ಬಿಡುವವರಿಗೆ, ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯತೊಡಗುವುದರಿಂದ, ಕಾಫಿ ತಗ್ಗಿಸಿ ಎನ್ನುತ್ತೇವೆ. ಕೆಫೀನನ್ನು ಬೇಗ ಕರಗಿಸುತ್ತಿದ್ದದ್ದು ನಿಕೋಟಿನ್ ಅಲ್ಲ, ಹೊಗೆಯಲ್ಲಿನ ಪದಾರ್ಥಗಳು. ಆ ಕಾರಣ ನಶ್ಯದವರಿಗೆ ಅನ್ವಯಿಸದು.)

ನಶ್ಯ ಬಿಟ್ಟ ಮೂರನೇ ದಿನ ಸಿಡುಕುತ್ತಲೇ ಫೋನ್ ಮಾಡಿದರು. ಡಬ್ಬಿ ಮಾತ್ರ ತೆರೆದಿರಲಿಲ್ಲ. ಈಗ ಮತ್ತೆ ಅನುವಾದಕ್ಕೆ ಕೂತಿದ್ದಾರೆ. ನಶ್ಯವಿದ್ದಾಗಿನ ವಾಕ್ಯಗಳೇ ಚೆನ್ನಾಗಿದ್ದವು ಎಂದು ಆಗಾಗ ವಾದಿಸುತ್ತಾರೆ. ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ.

ಅವರ ಮೂಗು ಮಾತ್ರ ಬಿಟ್ಟ ಮೇಲೂ ಕಟ್ಟಿಕೊಳ್ಳುತ್ತಿತ್ತು. ಕಾಲು ಲೀಟರ್ ಕುದಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ ತೊಳೆಯಲು ಹೇಳಿದೆ. ಮೂಗು ಬಿಡಿಸುವ ಸ್ಪ್ರೇಗಳನ್ನು ಕೆಲ ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆ, ನಶ್ಯದ ಜಾಗಕ್ಕೆ ಸ್ಪ್ರೇ ಬಂದು ಕೂರುತ್ತದೆ. ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ ಅಥವಾ ಅದರಿಂದ ರಕ್ತ ಬಂದರೆ ಆಪ್ತಸಲಹೆಗೆ ಕಾಯದೆ ಕಿವಿ ಮೂಗು ಗಂಟಲು ತಜ್ಞರಲ್ಲಿಗೆ ಹೋಗಬೇಕು.