ಬಂದೂಕಿನ ಕಪಾಟಿನಲ್ಲಿ ಬೂಷ್ಟು

ಪ್ರಶ್ನೆ: ಬಂದೂಕು ಇಡುವ ಉಕ್ಕಿನ ಕಪಾಟಿನೊಳಗೆ ಮುಗ್ಗಲು ವಾಸನೆ ಬರುತ್ತಿದ್ದು, ಮರದ ಹಿಡಿಯ ಮೇಲೆ ಬೂಷ್ಟು ಕಾಣಿಸಿದೆ. ಪರಿಹಾರವೇನು?

ಉತ್ತರ: ಬಂದೂಕಿನಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು ಎಲ್ಲವನ್ನೂ ಹೊರತೆಗೆದು, ಬೂಷ್ಟನ್ನು ಒರೆಸಿ, ಕಪಾಟಿನ ಒಳಭಾಗವನ್ನು ಪೂರ್ತಿ ಒಣಗಿಸಿರಿ. ಸಿಲಿಕಾ ಜೆಲ್ ಪೊಟ್ಟಣಗಳು ತೇವವನ್ನು ಹೀರಿಕೊಳ್ಳುತ್ತವೆಯಾದರೂ ಅವುಗಳಿಗೆ ಮಿತಿಯುಂಟು. ತೇವ ತುಂಬಿದ ಮೇಲೆ ತಯಾರಕರು ಸೂಚಿಸಿದಂತೆ ಬಿಸಿಮಾಡಿ ಒಣಗಿಸದಿದ್ದರೆ ಅವು ಇದ್ದೂ ಇಲ್ಲದಂತೆ, ಮತ್ತು ಹೆಚ್ಚಿನವರು ಮರೆಯುವುದು ಇದನ್ನೇ. ವಿದ್ಯುತ್ ಸಂಪರ್ಕವಿದ್ದರೆ ಕಪಾಟಿನ ತಳದಲ್ಲಿ ಅಳವಡಿಸುವ ತಾಪಕ ಕಡ್ಡಿ ಹೆಚ್ಚು ಅನುಕೂಲ: ಅದು ನೀರನ್ನು ಹೀರುವುದಿಲ್ಲ, ಗಾಳಿಯನ್ನು ತುಸು ಬೆಚ್ಚಗಾಗಿಸಿ ಸಾಪೇಕ್ಷ ಆರ್ದ್ರತೆಯನ್ನು (ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ಗರಿಷ್ಠ ತೇವದಲ್ಲಿ ಈಗಿರುವುದು ಶೇಕಡಾ ಎಷ್ಟು ಎಂಬ ಅಳತೆ) ತಗ್ಗಿಸುತ್ತದೆ. ಆರ್ದ್ರತಾಮಾಪಕವೊಂದನ್ನು ಒಳಗಿಟ್ಟು, ಅಂಕಿಯನ್ನು ಶೇ. 50ರ ಆಸುಪಾಸಿನಲ್ಲಿ ಕಾಯ್ದುಕೊಳ್ಳಿ. ಚರ್ಮದ ಚೀಲದೊಳಗೆ ಬಂದೂಕನ್ನು ಇಡಲೇಬೇಡಿ. ಚರ್ಮವು ತೇವವನ್ನು ಹಿಡಿದಿಟ್ಟುಕೊಂಡು ಲೋಹಕ್ಕೆ ತುಕ್ಕು ಹಿಡಿಸುತ್ತದೆ.