ಅಜ್ಜನ ಕಾಲದ ಬಂದೂಕುಗಳಿಗೆ ಗಾಜಿನ ಕಪಾಟು ಮಾಡಿಸಬೇಕು. ಸಾಗವಾನಿ ಬೇಕಾ, ಪ್ಲೈವುಡ್ ಸಾಕಾ?

ಇದೇ ಪ್ರಶ್ನೆ ಹಿಡಿದು ನಾನು 2014ರಲ್ಲಿ ಹುಬ್ಬಳ್ಳಿಯ ಟಿಂಬರ್ ಅಂಗಡಿಗಳನ್ನೆಲ್ಲ ಸುತ್ತಿದ್ದೆ. ನಿಮ್ಮದು ಹಾವೇರಿ, ಮೂರು ಬಂದೂಕು. ನಮ್ಮದು ಧಾರವಾಡ. ಬತ್ತಿ ಹಚ್ಚಿ ಹಾರಿಸುವ ಎರಡು ತೋಡೇದಾರ ಬಂದೂಕು, ಒಂದು ಕೇಪಿನ ಬಂದೂಕು, ಹಿತ್ತಾಳೆಯ ಮದ್ದಿನ ಡಬ್ಬಿ, ಒಂದು ಹಿಡಿ ಸೀಸದ ಗುಂಡು.

ನಮ್ಮ ಮೂಲ ಊರು ನರಗುಂದದ ಹತ್ತಿರ. 1857ರ ದಂಗೆಯ ಹೊತ್ತಿಗೆ ಇಂಗ್ಲಿಷರು ಆಯುಧ ತಂದೊಪ್ಪಿಸಿ ಅಂದರು. ಮರುವರ್ಷ ನರಗುಂದವೇ ಬಂಡೆದ್ದಿತು. ಆ ದಿನಗಳಲ್ಲಿ ತೋಡೇದಾರ ಎರಡನ್ನೂ ನೆಲದೊಳಗಿನ ಹಗೇವಿನಲ್ಲಿ ಜೋಳದ ಕೆಳಗೆ ಬಚ್ಚಿಟ್ಟಿದ್ದರು ಅಂತ ಅಜ್ಜ ಹೇಳುತ್ತಿದ್ದರು. ಅವರ ಕಾಲದಲ್ಲಿ ಇವೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿದ್ದವು. ತೆಳ್ಳಗೆ ಎಣ್ಣೆ ಸವರಿ, ಹಳೇ ಧೋತರದಲ್ಲಿ ಸುತ್ತಿ ಇಟ್ಟಿದ್ದರು. ನಲವತ್ತು ವರ್ಷ ಹಾಗೇ ಇದ್ದವು. ತುಕ್ಕು ಅಂದರೆ ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ.

ನನಗೆ ಅವು ಕಣ್ಣೆದುರು ಇರಬೇಕು ಅನಿಸಿತು. ಚೌಕಟ್ಟಿಗೆ ಒಳ್ಳೆಯ ದಾಂಡೇಲಿ ಸಾಗವಾನಿ ತಂದೆ. ಹಿಂಬದಿಗೆ ಪ್ಲೈವುಡ್, ಅದರ ಮೇಲೆ ಬಡಿಗರ ಬಿಳಿ ಅಂಟಿನಿಂದ ಹಸಿರು ಉಣ್ಣೆಯ ಬಟ್ಟೆ. ಒಳಗೆಲ್ಲ ಎರಡು ಕೈ ಪಾಲಿಶ್. ಧಾರವಾಡದ ಜಿಟಿಜಿಟಿ ಮಳೆಯ ತೇವ ಒಳಗೆ ಹೋಗಬಾರದು ಅಂತ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಹಾಕಿಸಿದೆ. ಕೆಲಸ ಬಹಳ ಚೆಂದ ಬಂದಿತ್ತು. ಬಡಿಗರಣ್ಣ ಹೋಗುವಾಗ ಒಂದು ಮಾತು ಹೇಳಿದ್ದ: "ಒಂದು ತಿಂಗಳು ಬಾಗಿಲು ತೆಗೆದಿಡ್ರಿ, ವಾಸನೆ ಪೂರ್ತಿ ಹೋಗಲಿ." ಪಂಚಮಿಗೆ ಅಕ್ಕ, ತಂಗಿ ತವರಿಗೆ ಬರುವವರಿದ್ದರು. ಅವರಿಗೆ ತೋರಿಸಬೇಕಿತ್ತು. ಪಾಲಿಶ್ ಆಗಿ ಹತ್ತು ದಿನಕ್ಕೇ ಬಂದೂಕು ಇಟ್ಟು ಬಾಗಿಲು ಹಾಕಿ ಕೀಲಿ ತಿರುವಿದೆ.

ತಪ್ಪಾಗಿದ್ದು ಅಲ್ಲೇ. ಮರ ಆರಿಸಿದ್ದರಲ್ಲಿ ಅಲ್ಲ.

ಎರಡು ತಿಂಗಳ ಮೇಲೆ ಖಂಡೇನವಮಿಗೆ ಬಾಗಿಲು ತೆಗೆದೆ. ಹುಳಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಮೂರೂ ನಳಿಗೆಗಳ ಮೇಲೆ ಕಿತ್ತಳೆ ಬಣ್ಣದ ತುಕ್ಕು. ಮದ್ದಿನ ಡಬ್ಬಿ ಕಪ್ಪಾಗಿತ್ತು. ಸೀಸದ ಗುಂಡುಗಳ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಒಂದು ತೋಡೇದಾರದ ನಳಿಗೆಯ ಮೇಲೆ ಬೆಳ್ಳಿಯ ತಂತಿ ಕೂರಿಸಿದ ಬಳ್ಳಿಯ ಕೆತ್ತನೆ ಇತ್ತು. ತುಕ್ಕು ತಂತಿಯ ಅಡಿಗೇ ನುಗ್ಗಿ ಎರಡು ಬೆರಳಗಲ ಕೆತ್ತನೆಯನ್ನು ಎಬ್ಬಿಸಿಬಿಟ್ಟಿತ್ತು. ಅದು ಇನ್ನು ಮರಳಿ ಬರುವುದಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಮನೆಯಲ್ಲಿ ಎಲ್ಲರೂ ಮಳೆ ತೇವ ಅಂದರು. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಆ ಬಿಳಿ ಪುಡಿ ತಲೆಯಿಂದ ಹೋಗಲಿಲ್ಲ. ಬರೀ ತೇವಕ್ಕೆ ಸೀಸ ಹಾಗೆ ಪುಡಿಯಾಗುವುದಿಲ್ಲ. ಅದಕ್ಕೆ ಆಮ್ಲದ ಆವಿ ಬೇಕು. ಹಿಂದಿನ ಕಾಲದಲ್ಲಿ ಸಫೇದಾ ಅನ್ನುವ ಬಿಳಿ ಬಣ್ಣ ಮಾಡುತ್ತಿದ್ದುದೇ ಹೀಗೆ, ಸೀಸದ ತಗಡನ್ನು ವಿನೆಗರ್ ಆವಿಯಲ್ಲಿ ಇಟ್ಟು. ನನ್ನ ಕಪಾಟಿನಲ್ಲಿ ಅದೇ ನಡೆದಿತ್ತು. ಮರ ಕಡಿದು ಹಲಗೆ ಮಾಡಿದ ಮೇಲೂ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತದೆ. ಓಕ್ ಮರದ್ದು ಬಹಳ ಕೆಟ್ಟದ್ದು. ಸಾಗವಾನಿ ಅಷ್ಟಿಲ್ಲ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಇವುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಬರುತ್ತದೆ, ಅದು ಫಾರ್ಮಿಕ್ ಆಮ್ಲವಾಗುತ್ತದೆ. ಬಿಳಿ ಅಂಟು ಕೂಡ ಅಸಿಟಿಕ್ ಆಮ್ಲ ಬಿಡುತ್ತದೆ. ಹಸಿ ಪಾಲಿಶ್‌ನದು ಇನ್ನೊಂದು ಪಾಲು. ಉಣ್ಣೆಯಲ್ಲಿ ಗಂಧಕ ಇರುತ್ತದೆ, ಡಬ್ಬಿ ಕಪ್ಪಾಗಿದ್ದು ಅದರಿಂದ. ಬಾಗಿಲು ತೆರೆದಿದ್ದರೆ ಇದೆಲ್ಲ ಗಾಳಿಗೆ ಹೋಗುತ್ತಿತ್ತು. ರಬ್ಬರ್ ಪಟ್ಟಿ ಎಲ್ಲವನ್ನೂ ಒಳಗೇ ಕೂಡಿಹಾಕಿತು. ಮಳೆಗಾಲದ ಗಾಳಿಯ ತೇವವೂ ಬಂದೂಕಿನ ಜೊತೆಗೇ ಒಳಗೆ ಸೇರಿಕೊಂಡಿತ್ತು. ತೇವ ಮತ್ತು ಆಮ್ಲ ಎರಡೂ ಸೇರಿದರೆ ಕಬ್ಬಿಣಕ್ಕೆ ಉಳಿಗಾಲ ಇಲ್ಲ. ಅಜ್ಜನ ಟ್ರಂಕಿನಲ್ಲಿ ಮರದ ಹಲಗೆಯೂ ಇರಲಿಲ್ಲ, ಅಂಟೂ ಇರಲಿಲ್ಲ, ಅದಕ್ಕೇ ಅಲ್ಲಿ ಹೆಚ್ಚೇನೂ ಆಗಲಿಲ್ಲ.

ಹಾಗಾಗಿ ಸಾಗವಾನಿಯೋ ಪ್ಲೈವುಡ್ಡೋ ಅನ್ನುವುದು ನನ್ನ ಪ್ರಕಾರ ಸರಿಯಾದ ಪ್ರಶ್ನೆಯೇ ಅಲ್ಲ. ಹೊರಗೆ ಎಷ್ಟು ಬೇಕಾದರೂ ಒಳ್ಳೆಯ ಮರ ಹಾಕಿಸಿ, ಕಣ್ಣಿಗೆ ಚೆಂದ. ಬಂದೂಕು ಇರುವ ಒಳಗೂಡು ಮಾತ್ರ ಮರದ್ದಾಗಬಾರದು. ನಾನು ಎರಡನೇ ಸಲ ಗೋಕುಲ ರೋಡಿನ ಒಂದು ವರ್ಕ್‌ಶಾಪಿನಲ್ಲಿ ಉಕ್ಕಿನ ತಗಡಿನ ಪೆಟ್ಟಿಗೆ ಮಾಡಿಸಿದೆ. ಅದಕ್ಕೆ ಪೌಡರ್ ಕೋಟಿಂಗ್ ಮಾಡಿಸಿ, ಹಳೇ ಸಾಗವಾನಿ ಚೌಕಟ್ಟಿನೊಳಗೆ ಕೂರಿಸಿದೆ. ಹಿಂಬದಿಗೆ ಉಣ್ಣೆಯ ಬದಲು ಬೆಂಗೇರಿಯಿಂದ ತಂದ ಬಣ್ಣ ಹಾಕದ ಖಾದಿ ಬಟ್ಟೆ. ಮೊದಲು ಎರಡು ಸಲ ಬಿಸಿನೀರಲ್ಲಿ ತೊಳೆದು ಗಂಜಿ ತೆಗೆದೆ, ಅಂಟು ಹಾಕದೆ ಬಿಗಿದು ಕಟ್ಟಿದೆ. ಬಂದೂಕಿಗೆ ಎರಡು ಕಡೆ ಆಸರೆ ಕೊಡಿ, ಒಂದೇ ಮೊಳೆಗೆ ತೂಗು ಹಾಕಬೇಡಿ. ಆಸರೆಗೆ ಚರ್ಮ ಸುತ್ತಬೇಡಿ, ಹದ ಮಾಡಿದ ಚರ್ಮದಲ್ಲೂ ಆಮ್ಲ ಇರುತ್ತದೆ. ಕತ್ತಿಯನ್ನು ಚರ್ಮದ ಒರೆಯಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಲೈಟು ಕಪಾಟಿನ ಹೊರಗಿರಲಿ. ಮಳೆ ಬಡಿಯುವ ಪಡುವಣ ಗೋಡೆಗೆ ಕಪಾಟು ಆನಿಸಬೇಡಿ.

ಯಾವುದೇ ಬಟ್ಟೆ, ಬಣ್ಣ, ಹಲಗೆ ಬಳಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಪ್ರಕಟಿಸಿದ ವಿಧಾನ ಇದು. ಸೀಸ, ತಾಮ್ರ, ಬೆಳ್ಳಿಯ ಚೂರುಗಳ ಜೊತೆ ಆ ವಸ್ತುವಿನ ತುಂಡು ಮತ್ತು ಚೂರು ನೀರು ಇಟ್ಟು, ಗಾಳಿಯಾಡದ ಹಾಗೆ ಮುಚ್ಚಿ, 60 ಡಿಗ್ರಿಯಲ್ಲಿ 28 ದಿನ ಬಿಡುತ್ತಾರೆ. ನಾನು ಮನೆಯಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ, ಉಜ್ಜಿ ಹೊಳಪು ಮಾಡಿದ ಮೊಳೆ ಮತ್ತು ಮೀನಿನ ಗಾಳದ ಸೀಸ ಇಟ್ಟು, ಒಂದು ತಿಂಗಳು ಬಿಸಿಲಲ್ಲಿ ಬಿಟ್ಟೆ. ಮ್ಯೂಸಿಯಂನಷ್ಟು ಪಕ್ಕಾ ಅಲ್ಲ. ಆದರೆ ಪ್ಲೈವುಡ್ ಭರಣಿಯ ಸೀಸ ಬೆಳ್ಳಗಾಯಿತು, ಖಾದಿಯದು ಹಾಗೇ ಉಳಿಯಿತು. ಆ ಬಿಳಿ ಪುಡಿ ವಿಷ. ಕೈಗವಸು ಹಾಕಿಯೇ ಮುಟ್ಟಿ, ಮಕ್ಕಳನ್ನು ದೂರ ಇಡಿ.

ತೇವಕ್ಕೆ ಒಂದು ಚಿಕ್ಕ ತೇವಮಾಪಕ ಒಳಗಿಡಿ. ಕಬ್ಬಿಣಕ್ಕೆ ಒಣ ಗಾಳಿ ಬೇಕು, ಆದರೆ ಬಂದೂಕಿನ ಮರದ ಹಿಡಿ ಜಾಸ್ತಿ ಒಣಗಿದರೆ ಸೀಳುತ್ತದೆ. ನಾನು ಶೇಕಡಾ 45ರ ಆಸುಪಾಸು ಹಿಡಿಯುತ್ತೇನೆ. ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಮಳೆಗಾಲದಲ್ಲಿ ಆಗಾಗ ತೆಗೆದು ಒಣಗಿಸಬೇಕು. ತುಕ್ಕು ತೆಗೆಯಲು ಹುಣಸೆಹಣ್ಣು, ನಿಂಬೆ, ಮರಳು ಕಾಗದ ಯಾವುದೂ ಬೇಡ, ದಯವಿಟ್ಟು. ತೆಳು ಎಣ್ಣೆ, ಹತ್ತಿ ಬಟ್ಟೆ, ತಾಳ್ಮೆ ಸಾಕು.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಇನ್ನೊಂದಿದೆ. ಬಾಯಿಂದ ಮದ್ದು ತುಂಬುವ ಹಳೇ ಬಂದೂಕುಗಳಲ್ಲಿ ಎಷ್ಟೋ ಸಲ ಮದ್ದು, ಗುಂಡು ಹಾಗೇ ಉಳಿದಿರುತ್ತವೆ. ಕಪ್ಪು ಮದ್ದು ಒಣಗಿದ್ದರೆ ನೂರು ವರ್ಷ ಆದರೂ ಹತ್ತಿಕೊಳ್ಳುತ್ತದೆ. ನೀವೇ ಕೆದಕಬೇಡಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ.

ನಿಮ್ಮ ಮೂರರಲ್ಲಿ ಯಾವುದಾದರೂ ಇನ್ನೂ ಹಾರುವಂತಿದ್ದರೆ ಅದನ್ನು ಗಾಜಿನ ಕಪಾಟಿನಲ್ಲಿ ಇಡಲೇಬೇಡಿ. ಅದರ ಜಾಗ ಕೀಲಿ ಹಾಕಿದ ಉಕ್ಕಿನ ಪೆಟ್ಟಿಗೆ. ರಿಪೇರಿ ಮಾಡಿದರೂ ಹಾರದ ಹಳೇ ಆಯುಧಗಳಿಗೆ 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಹಾರುವುದಿಲ್ಲ ಅಂತ ನಾವೇ ಹೇಳಿಕೊಂಡರೆ ಆಗಲಿಲ್ಲ, ಠಾಣೆಗೆ ಅರ್ಜಿ ಕೊಟ್ಟು ಬರಹದಲ್ಲಿ ಪಡೆಯಿರಿ. ಉಳಿದವಕ್ಕೆ ನಿಮ್ಮ ಹೆಸರಿನಲ್ಲೇ ಲೈಸೆನ್ಸ್ ಬೇಕು, ಅಜ್ಜನದು ನಡೆಯುವುದಿಲ್ಲ. ಅದು ಸಿಗುವ ತನಕ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರವೋ ಒಪ್ಪಿಸಿರಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು.

ಖಂಡೇನವಮಿಯ ಪೂಜೆ ನಾವು ಬಿಟ್ಟಿಲ್ಲ. ನಳಿಗೆಗೆ ಕುಂಕುಮ, ನೀರು, ನಿಂಬೆಹಣ್ಣು ತಾಗಿಸುವುದನ್ನು ಮಾತ್ರ ಬಿಟ್ಟೆವು. ಈಗ ಅಮ್ಮ ಸಾಗವಾನಿ ಚೌಕಟ್ಟಿಗೆ ಹಚ್ಚುತ್ತಾರೆ.