ವೀಲ್‌ಚೇರ್ ಬಾಸ್ಕೆಟ್‌ಬಾಲ್ ಆಟಗಾರ್ತಿಯ ವೃತ್ತಿಜೀವನ ಹೇಗಿರುತ್ತದೆ?

ತುಮಕೂರಿನಲ್ಲಿ ಪಿಯುಸಿ ಓದುತ್ತಿರುವ, ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡ ನಿಮ್ಮ ತಂಗಿ ಈ ಆಟದಲ್ಲಿ ಎಷ್ಟು ದೂರ ಹೋಗಬಹುದೆಂದು ಕೇಳಿದ್ದೀರಿ. ಮೊದಲಿಗೆ ವರ್ಗೀಕರಣ ನಡೆಯುತ್ತದೆ: ಚಲನಸಾಮರ್ಥ್ಯಕ್ಕೆ ತಕ್ಕಂತೆ ಪ್ರತಿ ಆಟಗಾರ್ತಿಗೂ 1.0ರಿಂದ 4.5ರವರೆಗಿನ ಅಂಕ ಸಿಗುತ್ತದೆ. ಅಂಕಣದಲ್ಲಿರುವ ಐವರ ಮೊತ್ತ 14 ಮೀರುವಂತಿಲ್ಲವಾದ್ದರಿಂದ, ಸೊಂಟದ ಹಿಡಿತವಿಲ್ಲದ ಕಡಿಮೆ ಅಂಕದವಳೂ ಎದುರಾಳಿಯ ದಾರಿಗೆ ಕುರ್ಚಿಯನ್ನು ಅಡ್ಡವಿಟ್ಟು ತಂಡಕ್ಕೆ ಅನಿವಾರ್ಯಳಾಗುತ್ತಾಳೆ. ಬುಟ್ಟಿಯ ಎತ್ತರದಲ್ಲಿ ಮಾತ್ರ ರಿಯಾಯಿತಿ ಇಲ್ಲ, ಅದೇ 3.05 ಮೀಟರ್, ಚಕ್ರವನ್ನು ಎರಡು ಬಾರಿ ತಳ್ಳಿದ ಮೇಲೆ ಚೆಂಡನ್ನು ಪುಟಿಸದೆ ಮತ್ತೆ ತಳ್ಳುವಂತಿಲ್ಲ.

ರಾಜ್ಯ ತಂಡ, ರಾಷ್ಟ್ರೀಯ ಚಾಂಪಿಯನ್‌ಶಿಪ್, ಭಾರತ ತಂಡ ಎಂಬುದು ನಮ್ಮಲ್ಲಿನ ದಾರಿ. ಹಣ ಸಿಗುವ ಲೀಗ್‌ಗಳು ಯುರೋಪಿನಲ್ಲಿವೆ. ಜರ್ಮನಿಯಲ್ಲಂತೂ ಮಹಿಳೆಯರು ಪುರುಷರೊಂದಿಗೆ ಒಂದೇ ತಂಡದಲ್ಲಿ ಆಡುತ್ತಾರೆ. 1968ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಮಹಿಳಾ ವಿಭಾಗದಲ್ಲಿ 2024ರ ಚಿನ್ನ ನೆದರ್ಲೆಂಡ್ಸ್‌ಗೆ ಸಂದಿತು. ನನ್ನ ಅಭಿಪ್ರಾಯದಲ್ಲಿ ಓದನ್ನು ಬಿಡಿಸದೆ, ಗಾಲಿಗಳು ಓರೆಯಾಗಿರುವ ಕ್ರೀಡಾ ವೀಲ್‌ಚೇರ್‌ಗೆ ಮೊದಲು ಹಣ ಹೊಂದಿಸಿ.